ಫ್ಯೂಜಿ ಎಲ್ಲಿ ಎಂದು ಕೇಳಿದ ಮೇಷ್ಟರಿಗೆ

"ಕಳೆದ ಸಂಚಿಕೆಯ ಜಪಾನ್ ಲೇಖನ ಓದಿ ಬೇಸರವಾಯಿತು. ಜೂಜಿನ ಅಡ್ಡೆ, ಹುಚ್ಚು ಮನೆಗಳು, ಬೀದಿಬದಿಯ ಕಾಫಿ ಯಂತ್ರ. ಇಷ್ಟೇನಾ ಜಪಾನ್? ಫ್ಯೂಜಿ ಪರ್ವತ ಎಲ್ಲಿ? ಆ ಜನರ ಶಿಸ್ತು ಎಲ್ಲಿ? ಮಕ್ಕಳು ಓದಿ ಕಲಿಯುವಂಥದ್ದನ್ನು ಹಾಕಬಾರದೇ?"
– ಮಲೆನಾಡಿನ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು

ಮೇಷ್ಟ್ರೇ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಎರಡು ಪುಟ ಬೈದಿದ್ದೀರಿ, ಒಂದು ಚಿತ್ತಿಲ್ಲ. ಫ್ಯೂಜಿಯದೊಂದು ಚಿತ್ರ ಹಾಕಿದ್ದರೆ ನಮ್ಮ ಗಂಟೇನೂ ಹೋಗುತ್ತಿರಲಿಲ್ಲ, ಒಪ್ಪಿದೆ. ಆದರೆ ಅದರ ಎತ್ತರ 3,776 ಮೀಟರ್ ಎಂದು ನಿಮ್ಮ ಏಳನೇ ತರಗತಿಯ ಹುಡುಗನೂ ಹೇಳಿಯಾನು. ಆ ಅಡ್ಡೆಗಳ ಯಂತ್ರದಾಟ ಪಚಿಂಕೋ; ಅದರ ಗುಂಡಿನ ವ್ಯಾಸ 11 ಮಿಲಿಮೀಟರ್ ಎಂದು ಎಷ್ಟು ಜನಕ್ಕೆ ಗೊತ್ತು?

ಜಪಾನಿನಲ್ಲಿ ಜೂಜು ಅಪರಾಧ. 1907ರ ದಂಡಸಂಹಿತೆಯಲ್ಲೇ ಹಾಗಿದೆ. ಆದರೂ ಊರೂರಿನ ರೈಲು ನಿಲ್ದಾಣದ ಎದುರು ಪಚಿಂಕೋ ಅಂಗಡಿ ಝಗಝಗಿಸುತ್ತಿರುತ್ತದೆ. ಹೇಗೆ ಅಂತೀರಾ? ತೆರಿಗೆ ಬಿಟ್ಟು ಒಂದಕ್ಕೆ ನಾಲ್ಕು ಯೆನ್ ಮೀರದಂತೆ ಉಕ್ಕಿನ ಗುಂಡುಗಳನ್ನು ಬಾಡಿಗೆಗೆ ಕೊಡುತ್ತಾರೆ. ಅವು ಮೊಳೆಗಳ ಕಾಡಿನಲ್ಲಿ ಉರುಳಿ ಸರಿಯಾದ ತೂತಿಗೆ ಬಿದ್ದರೆ ಇನ್ನಷ್ಟು ಗುಂಡು. ಗೆದ್ದವನಿಗೆ ಅಂಗಡಿಯವನು ದುಡ್ಡು ಕೊಡುವಂತಿಲ್ಲ, ಬಹುಮಾನ ಕೊಡಬಹುದು. ಟೋಕಿಯೋದಲ್ಲಿ ಆ ಬಹುಮಾನವೆಂದರೆ ಪ್ಲಾಸ್ಟಿಕ್ ಡಬ್ಬಿಯೊಳಗಿನ ಚಿನ್ನದ ಒಂದು ಚೂರು. ಅದನ್ನು ಹಿಂದಿನ ಓಣಿಯ ಕಿಟಕಿಯಲ್ಲಿ ಕೊಟ್ಟರೆ ನೋಟು ಬರುತ್ತದೆ. ಆ ಕಿಟಕಿ ಬೇರೆಯವರದು. ಅವರಿಂದ ಮೂರನೆಯವರೊಬ್ಬರು ಚೂರು ಕೊಂಡು ಮತ್ತೆ ಪಚಿಂಕೋ ಅಂಗಡಿಗೇ ಮಾರುತ್ತಾರೆ. ಮೂರು ಅಂಗಡಿ, ಮೂರು ವ್ಯಾಪಾರ, ಜೂಜು ಎಲ್ಲೂ ಇಲ್ಲ! ಪೊಲೀಸರಿಗೂ ಗೊತ್ತು.

ಹದಿನೈದು ವರ್ಷದ ಹಿಂದೆ ಟೋಕಿಯೋದ ಉಎನೋದಲ್ಲಿ ನಾನೇ ಒಳಗೆ ಹೋಗಿದ್ದೆ. ಬಾಗಿಲು ಸರಿದಾಗ ಬಂದ ಸದ್ದು? ನಿಮ್ಮ ತಗಡಿನ ಮಾಡಿನ ಮೇಲೆ ಚೀಲಗಟ್ಟಲೆ ಒಣ ಅಡಿಕೆ ಸುರಿದಂತೆ, ಬೆಳಗಿನಿಂದ ರಾತ್ರಿವರೆಗೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕೈಕೋಲು ಯಂತ್ರಕ್ಕೆ ಒರಗಿಸಿ ಕೂತಿದ್ದರು. ಎದ್ದು ಗುಂಡು ಎಣಿಸಲು ಕೊಟ್ಟು, ಬಹುಮಾನದ ಡಬ್ಬಿಗಳನ್ನು ತಗೊಂಡು, ಮಿಕ್ಕ ಚಿಲ್ಲರೆ ಗುಂಡಿಗೆ ಒಂದು ಚಾಕೊಲೇಟು ಆರಿಸಿಕೊಂಡರು. ನಾನು ಹಿಂದೆಯೇ ಓಣಿಗೆ ಹೋದೆ. ಕಿಟಕಿ ಎರಡು ಅಂಗೈ ಅಗಲ. ಒಳಗಿನವರ ಮುಖ ಕಾಣದು, ಕೈ ಮಾತ್ರ. ಅಜ್ಜಿ ನೋಟು ಮಡಚಿ ಪರ್ಸಿಗಿಟ್ಟು, ಆ ಕೈಗೆ ಸೊಂಟ ಬಗ್ಗಿಸಿ ವಂದಿಸಿ ಹೊರಟರು. ಶಿಸ್ತು ಕೇಳಿದಿರಲ್ಲ, ಇಗೋ. ನಮ್ಮ ಲೇಖಕರು ಅದನ್ನು ಬುಲೆಟ್ ರೈಲಿನಲ್ಲೇ ಹುಡುಕುತ್ತಾರೆ.

ಮನೆಗಳ ವಿಷಯಕ್ಕೆ ಬನ್ನಿ. 'ಹುಚ್ಚು ಮನೆಗಳು' ಎಂದು ಬರೆದಿದ್ದೀರಿ. ಆ ಹುಚ್ಚಿಗೆ ಲೆಕ್ಕವಿದೆ. ಅಲ್ಲಿನ ತೆರಿಗೆಯ ಲೆಕ್ಕದಲ್ಲಿ ಮರದ ಮನೆಯ ಆಯಸ್ಸು 22 ವರ್ಷ. ಆಮೇಲೆ ಬೆಲೆ ಬಹುಮಟ್ಟಿಗೆ ನೆಲಕ್ಕೆ ಮಾತ್ರ, ಮನೆ ಹೆಚ್ಚುಕಡಿಮೆ ಸೊನ್ನೆ. ಕೊಂಡವನು ಸಾಮಾನ್ಯವಾಗಿ ಕೆಡವುತ್ತಾನೆ. ನಾಳೆ ಮಾರುವಾಗ ಯಾರು ಒಪ್ಪುತ್ತಾರೋ ಎಂಬ ಚಿಂತೆ ಇಲ್ಲದವನು ತನಗೆ ಬೇಕಾದಂತೆ ಕಟ್ಟುತ್ತಾನೆ. 'ಮನೆ ಕಟ್ಟಿ ನೋಡು' ಎಂದು ಹೆದರಿಸಿಕೊಂಡು ಬೆಳೆದ ನಮಗೆ ಇದು ಅರ್ಥವಾಗುವುದು ಕಷ್ಟ.

ವಾಸ್ತುಶಿಲ್ಪಿ ತಡಾವೊ ಆಂಡೋ 1976ರಲ್ಲಿ ಒಸಾಕಾದ ಸುಮಿಯೋಶಿಯಲ್ಲಿ ಕಟ್ಟಿದ ಮನೆ ನೋಡಿ. ಬೀದಿಗೆ ಒಂದು ಕಿಟಕಿಯಿಲ್ಲ. ನಡುವೆ ಮಾಡಿಲ್ಲದ ಅಂಗಳ. ಮಲಗುವ ಕೋಣೆಯಿಂದ ಬಚ್ಚಲಿಗೆ ಮಳೆಗಾಲದಲ್ಲಿ ಕೊಡೆ ಹಿಡಿದೇ ಹೋಗಬೇಕು. ಅದಕ್ಕೆ 1979ರಲ್ಲಿ ಜಪಾನಿನ ವಾಸ್ತುಶಿಲ್ಪ ಸಂಸ್ಥೆಯ ಪ್ರಶಸ್ತಿ ಬಂತು. ನಮ್ಮಜ್ಜನ ತೊಟ್ಟಿಮನೆಯಲ್ಲೂ ಆಷಾಢದ ರಾತ್ರಿ ಗೊರಬು ಹೊದ್ದು ಬಚ್ಚಲಿಗೆ ಓಡುತ್ತಿದ್ದೆವು. ಅಜ್ಜನಿಗೆ ಯಾರೂ ಪ್ರಶಸ್ತಿ ಕೊಡಲಿಲ್ಲ, ಅಜ್ಜಿ ಬೈಗುಳ ಕೊಟ್ಟರು.

ಅದೇ ಒಸಾಕಾದಲ್ಲಿ 1992ರ ಒಂದು ಕಟ್ಟಡದ 5, 6, 7ನೇ ಮಹಡಿಗಳನ್ನು ತೂರಿಕೊಂಡು ಹೆದ್ದಾರಿ ಹೋಗುತ್ತದೆ. ಜಾಗದ ಮಾಲೀಕ ಜಗ್ಗಲಿಲ್ಲ, ರಸ್ತೆಯವರೂ ಬಿಡಲಿಲ್ಲ. ವರ್ಷಗಟ್ಟಲೆ ಕೂತು ಮಾತಾಡಿ ಹೀಗೆ ರಾಜಿಯಾದರು. ಬಾಗಿಲ ಬಳಿಯ ಫಲಕದಲ್ಲಿ ಆ ಮೂರು ಮಹಡಿಗೆ ಬಾಡಿಗೆದಾರನ ಜಾಗದಲ್ಲಿ ಹೆದ್ದಾರಿಯ ಹೆಸರೇ ಇದೆ. ನಮ್ಮ ರಸ್ತೆ ಅಗಲೀಕರಣದಲ್ಲಿ ಅರ್ಧ ಕೆಡವಿದ ಮನೆಗಳನ್ನು ನೀವೂ ಕಂಡಿದ್ದೀರಿ: ಬೀದಿಗೆ ಬಾಯ್ತೆರೆದ ದೇವರ ಗೂಡು, ಮೊಳೆಗೆ ತೂಗುವ ಹಳೇ ಕ್ಯಾಲೆಂಡರು. ಅದರ ಬಗ್ಗೆ ಒಂದೇ ಒಂದು ಲೇಖನ ನನ್ನ ಮೇಜಿಗೆ ಬಂದಿಲ್ಲ.

ಬರುವುದು ಪ್ರವಾಸ ಕಥನ. ವಿಮಾನದಲ್ಲಿ ಕೊಟ್ಟ ಸಸ್ಯಾಹಾರದಿಂದ ಶುರು, 'ನಾವು ಕಲಿಯುವುದು ಬಹಳಷ್ಟಿದೆ' ಎಂದು ಮುಕ್ತಾಯ. ಮೊನ್ನೆ ಬಂದ ಒಂದರಲ್ಲಿ 'ಶಿಸ್ತು' ಹನ್ನೊಂದು ಸಲ ಇತ್ತು, ಕೂತು ಎಣಿಸಿದೆ. ಪರದೇಶವೆಂದರೆ ನೀತಿಪಾಠ, ನಮ್ಮೂರೆಂದರೆ ಬರೀ ಗೊಣಗು. ಎರಡನ್ನೂ ಕಣ್ಣಿಟ್ಟು ನೋಡುವವರು ಕಡಿಮೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಓಸಿ ಚೀಟಿ ನಿಂತಿತೇ? ಚೀಟಿ ಬರೆಯುವವನು ಎಲ್ಲಿ ಕೂರುತ್ತಾನೆ, ದುಡ್ಡು ಕಟ್ಟುವವರು ಯಾರು, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರಲ್ಲಿ ನಿಮ್ಮ ಹಳೇ ವಿದ್ಯಾರ್ಥಿಗಳೂ ಇದ್ದಾರು.

ಅದನ್ನು ಬರೆದು ಕಳಿಸಿ ಮೇಷ್ಟ್ರೇ, ಇದೇ ಅಕ್ಷರದಲ್ಲಿ. ಎರಡು ಪುಟ ಸಾಲದು. ಜೊತೆಗೆ ಫ್ಯೂಜಿಯ ಚಿತ್ರವನ್ನೂ ಹಾಕುತ್ತೇನೆ.

– ಸಂ.