ಸಿಂಥೆಟಿಕ್ ಬಿಟ್ಟು ವ್ಯೂ ಬೈಂಡಿಂಗ್‌ಗೆ
ನಿಮ್ಮ ಆಂಡ್ರಾಯ್ಡ್ ಆ್ಯಪ್‌ನಲ್ಲಿ ಕಾಟ್ಲಿನ್ ಭಾಷೆಯನ್ನು 1.8ಕ್ಕೆ ಏರಿಸಿದ ಮೇಲೆ ಕೋಡ್‌ನಲ್ಲಿ ಬಟನ್ ಐಡಿಗಳೆಲ್ಲ ಕೆಂಪಾಗಿ ದೋಷ ತೋರಿಸುತ್ತಿವೆ ಎಂದಿದ್ದೀರಿ. ಕಾರಣ ಬಹುತೇಕ ಸಿಂಥೆಟಿಕ್ ಇಂಪೋರ್ಟ್, ಅಂದರೆ ಲೇಔಟಿನ ಐಡಿಗಳನ್ನು ಕೋಡ್‌ನಲ್ಲಿ ನೇರವಾಗಿ ಬಳಸಲು ಬಿಡುತ್ತಿದ್ದ ಕಾಟ್ಲಿನ್ ಆಂಡ್ರಾಯ್ಡ್ ಎಕ್ಸ್‌ಟೆನ್ಷನ್ಸ್ ಪ್ಲಗಿನ್‌ನ ಸೌಲಭ್ಯ. ಆ ಪ್ಲಗಿನ್ ಬಳಸಬೇಡಿ ಎಂಬ ಎಚ್ಚರಿಕೆ 2020ರಿಂದಲೇ ಇತ್ತು, 1.8ರಲ್ಲಿ ತೆಗೆದೇ ಹಾಕಿದರು.

ಆ್ಯಪ್‌ನ ಬಿಲ್ಡ್ ಸೆಟ್ಟಿಂಗ್‌ಗಳಿರುವ ಗ್ರೇಡಲ್ ಕಡತದಲ್ಲಿ ಪ್ಲಗಿನ್ ಸಾಲು ಉಳಿದಿದ್ದರೆ ಅಳಿಸಿ, ಬಿಲ್ಡ್‌ಫೀಚರ್ಸ್ ಒಳಗೆ ಅದರ ಬದಲಿಯಾದ ವ್ಯೂಬೈಂಡಿಂಗ್ ಅನ್ನು ಟ್ರೂ ಮಾಡಿ ಸಿಂಕ್ ಕೊಡಿ. ಆಕ್ಟಿವಿಟಿ_ಮೇನ್ ಲೇಔಟಿಗೆ (ಪರದೆಯ ವಿನ್ಯಾಸದ ಕಡತ) ಆಕ್ಟಿವಿಟಿಮೇನ್‌ಬೈಂಡಿಂಗ್ ಎಂಬ ಕ್ಲಾಸ್ ತಾನಾಗಿ ಹುಟ್ಟುತ್ತದೆ. ಆನ್‌ಕ್ರಿಯೇಟ್‌ನಲ್ಲಿ ಅದನ್ನು ಇನ್‌ಫ್ಲೇಟ್ ಮಾಡಿ (ಲೇಔಟಿನಿಂದ ವ್ಯೂಗಳನ್ನು ಕಟ್ಟುವುದು), ಸೆಟ್‌ಕಂಟೆಂಟ್‌ವ್ಯೂಗೆ ಬೈಂಡಿಂಗ್.ರೂಟ್ ಕೊಡಿ. ಇಲ್ಲೇ ಹೆಚ್ಚಿನವರು ಎಡವುವುದು: ಹಳೆಯ ಆರ್.ಲೇಔಟ್ ಉಳಿಸಿದರೆ ಬಟನ್ ಒತ್ತಿದರೂ ಏನೂ ಆಗದು, ದೋಷಸಂದೇಶವೂ ಬಾರದು. ನಂತರ ಸಿಂಥೆಟಿಕ್ ಇಂಪೋರ್ಟ್‌ಗಳನ್ನು ಅಳಿಸಿ, ಬಿಟಿಎನ್_ಸೇವ್ ಇದ್ದಲ್ಲಿ ಬೈಂಡಿಂಗ್.ಬಿಟಿಎನ್‌ಸೇವ್ ಎಂದು ಬರೆಯಿರಿ.

ಫ್ರಾಗ್ಮೆಂಟ್ (ಪರದೆಯೊಳಗಿನ ಭಾಗ) ಆದರೆ ಆನ್‌ಡಿಸ್ಟ್ರಾಯ್‌ವ್ಯೂನಲ್ಲಿ ಬೈಂಡಿಂಗನ್ನು ನಲ್ ಮಾಡಿ. ನಿಮ್ಮ ಪೂರ್ತಿ ಕೋಡ್ ನೋಡಿಲ್ಲ. ಅದರಲ್ಲಿ ಡೇಟಾವನ್ನು ಪರದೆಗಳ ನಡುವೆ ಕಳಿಸಲು ಪಾರ್ಸೆಲೈಸ್ ಬಳಸಿದ್ದರೆ ಕಾಟ್ಲಿನ್-ಪಾರ್ಸೆಲೈಸ್ ಪ್ಲಗಿನ್ ಪ್ರತ್ಯೇಕವಾಗಿ ಸೇರಿಸಿ, ಅದರ ಇಂಪೋರ್ಟನ್ನೂ ಬದಲಿಸಬೇಕಾಗುತ್ತದೆ.