ಆ 1819 ಅಡಿ ಎಲ್ಲಿಂದ ಅಳೆದದ್ದು?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಲಿಂಗನಮಕ್ಕಿ ಲೇಖನದಲ್ಲಿ ಅಣೆಕಟ್ಟಿನ ಎತ್ತರ 1819 ಅಡಿ ಎಂದು ಅಚ್ಚಾಯಿತು. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಅರ್ಧ ಪುಟದ ತಿದ್ದುಪಡಿ! ಊರಿಗೆ ಊರೇ ಮುಳುಗಿದ ಕಥೆಯಲ್ಲಿ ಈ ಅಡಿ, ಮೀಟರು ಯಾರಿಗೆ ಬೇಕು? ಆ ಜಾಗದಲ್ಲಿ ಇನ್ನೊಬ್ಬ ಮುಳುಗಡೆಯವರ ಮಾತು ಹಾಕಬಹುದಿತ್ತು."

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮುಳುಗಡೆಯವರಿಗೆ ಪತ್ರಿಕೆಗಳು ಕೊಟ್ಟ ಜಾಗ ಸಾಲದು ಎನ್ನುವುದು ನಿಜ, ಒಪ್ಪಿದೆ. ಆದರೆ "ಯಾರಿಗೆ ಬೇಕು" ಎಂದಿರಲ್ಲ, ಆ ಮಾತು ನಿಮ್ಮಂಥ ಸಹೃದಯರ ಬಾಯಲ್ಲಿ ಬರಬಾರದಿತ್ತು.

1819 ಅಡಿ ಎನ್ನುವುದು ಜಲಾಶಯ ತುಂಬಿದಾಗ ನೀರು ಸಮುದ್ರ ಮಟ್ಟದಿಂದ ಎಷ್ಟು ಮೇಲಿರುತ್ತದೆ ಎಂಬ ಲೆಕ್ಕ. ಕಟ್ಟೆಯ ಎತ್ತರ ಸುಮಾರು 200 ಅಡಿ. ಜೋಗದ ಧುಮುಕು 830 ಅಡಿ. ನಮ್ಮ ಲೇಖನವನ್ನು ನಂಬಿದ ಮಗು ಜೋಗದ ಎರಡು ಪಟ್ಟು ಎತ್ತರದ ಗೋಡೆಯೊಂದನ್ನು ಶರಾವತಿಗೆ ಅಡ್ಡ ನಿಲ್ಲಿಸಿಕೊಳ್ಳುತ್ತದೆ. ತಪ್ಪು ಹುಟ್ಟಿದ್ದು ಎಲ್ಲಿ ಗೊತ್ತೆ? ಮಳೆಗಾಲದಲ್ಲಿ ದಿನಪತ್ರಿಕೆಗಳು ಹಾಕುವ ಜಲಾಶಯಗಳ ಪಟ್ಟಿಯಲ್ಲಿ. ಕೆಆರ್‌ಎಸ್ 124.80, ಭದ್ರಾ 186, ಲಿಂಗನಮಕ್ಕಿ 1819, ಹೇಮಾವತಿ 2922, ಎಲ್ಲವೂ ಅಡಿ, ಎಲ್ಲವೂ ಒಂದೇ ಸಾಲಿನಲ್ಲಿ. ಮೊದಲೆರಡನ್ನು ಅಳೆದದ್ದು ನದಿಯ ತಳದಿಂದ, ಉಳಿದೆರಡನ್ನು ಸಮುದ್ರ ಮಟ್ಟದಿಂದ. ಹಾಗೆಂದು ಪಟ್ಟಿಯ ಕೆಳಗೆ ಒಂದು ಸಾಲು ಹಾಕುವವರಿಲ್ಲ. ನನ್ನ ತಂಗಿಯ ಮಗ ಓದುತ್ತಿದ್ದ ಪರೀಕ್ಷೆಯ ಗೈಡೊಂದರಲ್ಲಿ ರಾಜ್ಯದ ಅತಿ ಎತ್ತರದ ಅಣೆಕಟ್ಟು ಲಿಂಗನಮಕ್ಕಿ ಎಂದಿತ್ತು. ಕಾಳಿ ನದಿಯ ಸೂಪಾ 101 ಮೀಟರ್ ಎತ್ತರ ನಿಂತಿದೆ, ಪಾಪ, ಅದನ್ನು ಕೇಳುವವರಿಲ್ಲ!

ವಿದ್ಯುತ್ತಿನ ಲೆಕ್ಕವೂ ಹೀಗೇ. "ಲಿಂಗನಮಕ್ಕಿಯಲ್ಲಿ ದಿನಕ್ಕೆ 1035 ಮೆಗಾವಾಟ್" ಎಂದು ಬರೆದು ಕಳಿಸುತ್ತಾರೆ. ಮೆಗಾವಾಟ್‌ಗೆ ದಿನದ ಲೆಕ್ಕವಿಲ್ಲ, ಅದು ಯಂತ್ರದ ತಾಕತ್ತು. ದಿನದ ಲೆಕ್ಕ ಯೂನಿಟ್ಟಿನದು. ಮೇಲಾಗಿ ಅಣೆಕಟ್ಟಿನ ಬುಡದ ವಿದ್ಯುದಾಗಾರದ್ದು ಬರೀ 55 ಮೆಗಾವಾಟ್. ನೀರು ಅಲ್ಲಿಂದ ತಳಕಳಲೆ ಎಂಬ ಚಿಕ್ಕ ಜಲಾಶಯಕ್ಕೆ ಹೋಗಿ, ಕೊಳವೆಗಳಲ್ಲಿ ಘಟ್ಟ ಇಳಿದು, ಶರಾವತಿ ಕೇಂದ್ರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಆ 1035 ಅಲ್ಲಿಯದು. ಅದೇ ನೀರು ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೆ ದುಡಿಯುತ್ತದೆ, ಅಲ್ಲಿ 240. ಒಂದೇ ನೀರು ಮೂರು ಕಡೆ ಬೆವರು ಸುರಿಸುವ ಈ ಸೊಗಸು ತಪ್ಪು ಸಾಲಿನಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಸಂಕಟ ಹೇಳಿಬಿಡುತ್ತೇನೆ. ನಾಡಿನ ಯಾವ ಕಟ್ಟೆಯ ಸುದ್ದಿ ಬಂದರೂ "ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು" ಎಂದು ಸೇರಿಸುವ ಚಾಳಿ. ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ, ತೀರಿಕೊಂಡದ್ದು 1962ರಲ್ಲಿ. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. ಆ ಮಹನೀಯರು ಲೆಕ್ಕದ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟು ಎಂದು ಬಲ್ಲವರು ಅವರ ಹೆಸರಲ್ಲಿ ಹೀಗೆ ಬೇಕಾಬಿಟ್ಟಿ ಬರೆಯಲಾರರು. 1948ರ ಹಿರೇಭಾಸ್ಕರ ಅಣೆಕಟ್ಟನ್ನೇ ನುಂಗಿ ಈ ಹಿನ್ನೀರು ಹರಡಿತು, ಬಿರುಬೇಸಿಗೆಯಲ್ಲಿ ಆ ಹಳೆಯ ಕಟ್ಟೆ ಇಡಿಯಾಗಿ ಎದ್ದು ಕಾಣುತ್ತದೆ ಎಂಬುದನ್ನು ಎಷ್ಟು ಮಂದಿ ಬರೆದಾರು? ಮೊದಲು ಪ್ರತಿ ಪತ್ರಿಕೆಯಲ್ಲೂ ಕರಡು ತಿದ್ದುವ ಹಿರಿಯರೊಬ್ಬರು ಇರುತ್ತಿದ್ದರು. ಅನುಮಾನ ಬಂದರೆ ಗೆಜೆಟಿಯರ್ ತೆಗೆದು ನೋಡದೆ ಪುಟ ಬಿಡುತ್ತಿರಲಿಲ್ಲ. ಈಗ ಆ ಕುರ್ಚಿಗಳೇ ಇಲ್ಲ. ಫೋನಿಗೆ ಬಂದದ್ದೇ ಪುಟಕ್ಕೆ ಹೋಗುತ್ತದೆ.

ನೀವು ನೋವು ಬೇರೆ, ಅಂಕಿ ಬೇರೆ ಎಂದುಕೊಂಡಿದ್ದೀರಿ. ಅರವತ್ತು ವರ್ಷವಾದರೂ ಹಕ್ಕುಪತ್ರಕ್ಕೆ ಕಚೇರಿ ಅಲೆಯುವ ಮುಳುಗಡೆಯವರಿದ್ದಾರೆ. ಅವರ ಕೈಯಲ್ಲಿರುವುದು ಸರ್ವೆ ನಂಬರು, ಎಕರೆ, ಗುಂಟೆ. ಅದರಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಯಾರ ಕಣ್ಣೀರೂ ಆ ಕಡತವನ್ನು ಮುಂದೆ ದಾಟಿಸುವುದಿಲ್ಲ.

ನಾನು ವರದಿಗಾರನಾಗಿದ್ದ ಕಾಲದ ಮಾತು. ಸಿಗಂದೂರು ಕಡೆಯ ಲಾಂಚಿಗೆ ಕಾಯುವಾಗ ಲಿಂಗನಮಕ್ಕಿ ಹಿನ್ನೀರಿನ ದಡದಲ್ಲಿ ಒಬ್ಬ ಅಜ್ಜ ಕೂತಿದ್ದರು. ಮಡಿಲಲ್ಲಿ ಮಡಿಸಿದ ಪೇಪರು. ಜಲಾಶಯದ ಪಟ್ಟಿಗೆ ಪೆನ್ಸಿಲ್ಲಿನ ಗೆರೆ. ಮುಳುಗಡೆಯಾಗಿ ಶಿವಮೊಗ್ಗದ ಕಡೆ ಹೋಗಿ ನೆಲೆಸಿದವರು. "ನೀರು 1760ಕ್ಕೆ ಇಳಿದ್ರೆ ನಮ್ಮನೆ ಬಾವಿಕಟ್ಟೆ ಕಾಣ್ತದೆ ತಮಾ. ಪೇಪರಲ್ಲಿ 1736 ಅಂತ ಹಾಕಿದ್ರು. ಎರಡು ಬಸ್ಸು ಹತ್ತಿ ಬಂದೆ. ಇಲ್ನೋಡಿದ್ರೆ 1763 ಅಂತೆ." ಬೆರಳಿನಿಂದ ಆ ಎರಡು ಅಂಕಿಗಳನ್ನು ತೋರಿಸಿದರು. ಅವರ ಕೈಯಲ್ಲಿದ್ದದ್ದು ನಾನು ಕೆಲಸ ಮಾಡುತ್ತಿದ್ದ ಪತ್ರಿಕೆ.

ಲಾಂಚು ಬಂತು. ಅವರು ಹತ್ತಲಿಲ್ಲ. ನೀರಿನ ಕಡೆಗೇ ನೋಡುತ್ತ ಕೂತಿದ್ದರು.