ಮ್ಯಾಚ್ ಮುಗಿದ ಮೇಲೆ ಬೈಕಿನಲ್ಲಿ ಏನು ಮಾತಾಡ್ತೀರಿ?

ಪ್ರಶ್ನೆ: ಮಗನಿಗೆ 12 ವರ್ಷ, ಫಾಸ್ಟ್ ಬೌಲರ್. ಅವನ ಒಂದು ಮ್ಯಾಚನ್ನೂ ನಾನು ತಪ್ಪಿಸುವುದಿಲ್ಲ. ಬೌಂಡರಿ ಹತ್ತಿರ ನಿಂತು ಹೇಳಿಕೊಡುತ್ತೇನೆ, ಮನೆಗೆ ಬರುವಾಗ ಬೈಕಿನಲ್ಲೇ ತಪ್ಪು ತಿದ್ದುತ್ತೇನೆ, ದಿನಾ ಸಂಜೆ ಮನೆ ಮುಂದೆ ಮತ್ತೆ ಒಂದು ಗಂಟೆ ಬೌಲಿಂಗ್ ಮಾಡಿಸುತ್ತೇನೆ. ಈಗೀಗ ಮ್ಯಾಚ್ ದಿನ ಬೆಳಿಗ್ಗೆ ಹೊಟ್ಟೆನೋವು ಅಂತಾನೆ, ಮೊಣಕಾಲೂ ನೋವಂತೆ. ಕೋಚ್ ನನ್ನನ್ನೇ ದೂರ ನಿಲ್ಲಿ ಅಂತಾರೆ. ಅವನ ಒಳ್ಳೇದಕ್ಕೇ ಅಲ್ವಾ ಸರ್ ನಾನು ಮಾಡೋದು?
– ಒಬ್ಬ ತಂದೆ, ಗಾಂಧಿನಗರ, ಬಳ್ಳಾರಿ

ಉತ್ತರ: ಒಳ್ಳೇದಕ್ಕೇ, ಅನುಮಾನವಿಲ್ಲ. ಬಳ್ಳಾರಿ ಬಿಸಿಲಲ್ಲಿ ಇಡೀ ಮ್ಯಾಚ್ ನಿಲ್ಲೋದು ಸುಮ್ನೆ ಅಲ್ಲ. ಆದರೆ ಕೋಚ್ ಹೇಳಿದ್ದು ಸರಿ. ಓಡಿ ಬರುವ ಹುಡುಗನಿಗೆ ಕೋಚ್ ಒಂದು, ಅಪ್ಪ ಇನ್ನೊಂದು ಕೂಗಿದರೆ ಅವನು ಚೆಂಡು ಎಲ್ಲಿ ಹಾಕಲಿ ಅಂತ ಯೋಚಿಸುವುದಿಲ್ಲ, ಅಪ್ಪನ ಮುಖ ನೋಡ್ತಾನೆ.

ಮೊದಲು ಮೊಣಕಾಲನ್ನು ಮೂಳೆ ಡಾಕ್ಟರಿಗೆ ತೋರಿಸಿ. ಈ ವಯಸ್ಸಲ್ಲಿ ಮೂಳೆ ಬೇಗ ಬೆಳೆಯುತ್ತೆ, ಚಿಪ್ಪಿನ ಕೆಳಗೆ ಮೂಳೆ ಇನ್ನೂ ಎಳೆಯದು, ಓಟ ಜಿಗಿತ ಜಾಸ್ತಿಯಾದರೆ ಅಲ್ಲಿ ನೋವು ಬರುತ್ತೆ. ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ ಕೊಡಿ. ವಾರಕ್ಕೆ ಮಗುವಿನ ವಯಸ್ಸಿಗಿಂತ ಜಾಸ್ತಿ ಗಂಟೆ ಆಟದ ತರಬೇತಿ ಬೇಡ ಅಂತ ಕ್ರೀಡಾ ವೈದ್ಯರು ಹೇಳುತ್ತಾರೆ, ನಿಮ್ಮ ಮಗನಿಗೆ ಅದು ವಾರಕ್ಕೆ 12 ಗಂಟೆ. ಮನೆ ಮುಂದಿನ ಬೌಲಿಂಗ್ ಇವತ್ತೇ ನಿಲ್ಲಿಸಿ.

ನನಗೆ ಜಾಸ್ತಿ ಚಿಂತೆ ಇರೋದು ಬೈಕಿನ ಮಾತಿನ ಬಗ್ಗೆ. ಸೋತ ಹುಡುಗ ಹಿಂದೆ ಕೂತಿರ್ತಾನೆ, ಇಳಿದು ಹೋಗೋಕೆ ಆಗಲ್ಲ, ತಾನು ಹಾಕಿದ ನೋಬಾಲ್ ಅವನಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತೆ, ಅದನ್ನೇ ನೀವು ಮನೆ ಬಾಗಿಲವರೆಗೂ ಹೇಳ್ತಾ ಬಂದರೆ ಮುಂದಿನ ಮ್ಯಾಚಿನ ಬೆಳಿಗ್ಗೆ ಹೊಟ್ಟೆ ನೋಯದೆ ಇನ್ನೇನಾಗುತ್ತೆ? ನನ್ನ ಮಗಳು ಖೋ ಖೋ ಆಡುವಾಗ ನಾನೂ ಹೀಗೇ ಮಾಡಿದ್ದೆ. "ಅಪ್ಪಾ, ನಾಳೆ ನೀನು ಬರಬೇಡ" ಅಂದಳು. ಆ ಮಾತು ಇನ್ನೂ ಮರೆತಿಲ್ಲ. ದಾರಿಯಲ್ಲಿ ಗಾಡಿ ನಿಲ್ಲಿಸಿ, ಒಗ್ಗರಣೆ ಮಿರ್ಚಿ ಕೊಡಿಸಿ. ಆಟದ ಮಾತು ಅವನೇ ತೆಗೆದರೆ ಕೇಳಿಸಿಕೊಳ್ಳಿ.

ನಮ್ಮ ತೋರಣಗಲ್ಲಿನ ಕಡೆಯ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲೂ ತರಬೇತಿ ಪಡೆದ ನೀರಜ್ ಚೋಪ್ರಾ ಗೊತ್ತಲ್ವಾ, 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಈಟಿ ಎಸೆತದ ಚಿನ್ನ ಗೆದ್ದವರು. ಚಿಕ್ಕವರಿದ್ದಾಗ ತೂಕ ಇಳಿಯಲಿ ಅಂತ ಮನೆಯವರು ವ್ಯಾಯಾಮಕ್ಕೆ ಕಳಿಸಿದ್ದರು. ಈಟಿ ಹಿಡಿದದ್ದು ಅವರದೇ ಆಸೆಯಿಂದ.

ಮುಂದಿನ ಮ್ಯಾಚಿಗೆ ಮೊದಲು ಮಗನನ್ನೇ ಕೇಳಿ: "ನಾನು ಬರಲಾ? ಬಂದರೆ ಎಲ್ಲಿ ಕೂತ್ಕೊಳ್ಳಲಿ?" ಬೇಡ ಅಂದರೆ ಬೇಸರ ಮಾಡ್ಕೋಬೇಡಿ, ಆ ದಿನ ಮನೇಲೇ ಇರಿ.